ಈ ಹೈದ ಯಾವಾಗ ದೊಡ್ಡವ್ನಾಗದು?

ಟಿ.ವಿ. ಧಾರಾವಾಹಿಗಳ ಬಗ್ಗೆ ಈ ಪುಟಗಳಲ್ಲಿ ಬರೆಯುವುದೇ ಎಂದು ಕೆಲವರು ಮೂಗು ಮುರಿಯಬಹುದು. ಭೂಮಿಯ ಪ್ರಶ್ನೆ ಇದೆ, ಸ್ಕಾಲರ್‌ಶಿಪ್ ಪ್ರಶ್ನೆ ಇದೆ, ಹಾಸ್ಟೆಲಿನ ಅನ್ನದಲ್ಲಿ ಹುಳ ಇದೆ. ಇಷ್ಟೆಲ್ಲ ಬಿಟ್ಟು ಧಾರಾವಾಹಿಯೇ? ಹೌದು, ಧಾರಾವಾಹಿಯೇ. ಯಾಕೆಂದರೆ ದಿನಕ್ಕೆ ಎರಡು ಗಂಟೆ ನಾವು ಪುಸ್ತಕ ಓದುತ್ತೇವೋ ಇಲ್ಲವೋ, ಎರಡು ಗಂಟೆ ಅದನ್ನು ನೋಡುವುದಂತೂ ನಿಜ. ಊಟದ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂರುವವರದು ಒಂದು ಗುಂಪು. ರಾತ್ರಿ ಒಂದೇ ಫೋನಿಗೆ ಮೂರು ತಲೆ ಕೊಟ್ಟು, ಯಾರದೋ ಪಾಸ್‌ವರ್ಡಿನಲ್ಲಿ ವೆಬ್ ಸರಣಿ ನೋಡುವವರದು ಇನ್ನೊಂದು ಗುಂಪು. ನಾವು ಎರಡೂ ಗುಂಪಿನಲ್ಲಿ ಇದ್ದವರು. ರಾತ್ರಿ ನೋಡಿದ್ದರ ಬಗ್ಗೆ ಬೆಳಗ್ಗೆ ನೀರಿನ ಸಾಲಿನಲ್ಲಿ ಬಕೆಟ್ ಹಿಡಿದು ಜಗಳ ಆಡಿದವರು. ಆ ಜಗಳವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲೊಬ್ಬನ ಅಜ್ಜಿಯ ಮಾತಿನಿಂದ ಶುರು ಮಾಡಬೇಕು.

2020ನೇ ಇಸವಿ. ಲಾಕ್‌ಡೌನ್ ಅಂತ ಹಾಸ್ಟೆಲಿಗೆ ಬೀಗ ಹಾಕಿ, ಟ್ರಂಕು ಹೊರಿಸಿ ನಮ್ಮನ್ನು ಊರಿಗೆ ಕಳಿಸಿದರು. ಪಾಠ ಫೋನಿನಲ್ಲಿ ನಡೆಯುತ್ತಿತ್ತು, ಫೋನು ನಮ್ಮಲ್ಲಿ ಇರಲಿಲ್ಲ. ಆ ಜುಲೈ ತಿಂಗಳಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಧಾರಾವಾಹಿ ಶುರುವಾಯಿತು. ಅದು ಮೂಲದಲ್ಲಿ ಹಿಂದಿಯದು. 2019ರ ಡಿಸೆಂಬರಿನಿಂದ ಆಂಡ್ ಟಿ.ವಿ.ಯಲ್ಲಿ ಬರುತ್ತಿತ್ತು. ಚಿತ್ರೀಕರಣ ನಿಂತು ವಾಹಿನಿಗಳ ಹತ್ತಿರ ಹೊಸದು ಏನೂ ಇಲ್ಲದಿದ್ದಾಗ, ದಶಕಗಳಿಂದ ಕನ್ನಡದವರು ಬೇಡ ಬೇಡ ಅನ್ನುತ್ತಿದ್ದ ಡಬ್ಬಿಂಗಿಗೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ರಾಧಾಕೃಷ್ಣರೂ ಬಂದರು, ನಮ್ಮ ಭೀಮನೂ ಬಂದ.

ಶನಿವಾರ ಭಾನುವಾರ ಸಂಜೆಯಾದರೆ ಕೇರಿಯಲ್ಲಿ ಟಿ.ವಿ. ಇದ್ದ ಮನೆಗಳ ಪಡಸಾಲೆ ತುಂಬಿ, ಮಿಕ್ಕವರು ಕಿಟಕಿಗೆ ಜೋತು ಬೀಳುತ್ತಿದ್ದರು. ಆಯುಧ್ ಭಾನುಶಾಲಿ ಎಂಬ ಪುಟ್ಟ ಹುಡುಗ ಭೀಮರಾವ್ ಆಗಿದ್ದ. ಜಗನ್ನಾಥ ನಿವಂಗುಣೆ ರಾಮ್‌ಜಿ ಸಕ್ಪಾಲರಾಗಿ, ನೇಹಾ ಜೋಶಿ ಭೀಮಾಬಾಯಿಯಾಗಿ ಬರುತ್ತಿದ್ದರು. ಅಲ್ಲಿಯವರೆಗೆ ನಮ್ಮ ಅಜ್ಜಿಗೆ ಅಂಬೇಡ್ಕರ್ ಅಂದರೆ ನೀಲಿ ಕೋಟು ತೊಟ್ಟು ಬೆರಳು ತೋರಿಸಿ ನಿಂತ ಒಂದು ಪ್ರತಿಮೆ. ಏಪ್ರಿಲ್ 14ಕ್ಕೆ ಹಾರ ಹಾಕಿಸಿಕೊಳ್ಳುವ ದೊಡ್ಡ ಮನುಷ್ಯ. ಅವರಿಗೂ ಒಬ್ಬ ಅವ್ವ ಇದ್ದಳು, ಅವರೂ ಗೋಣಿತಾಟು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಲಿಗೆ ಹೋಗಿ ಮೂಲೆಯಲ್ಲಿ ಕೂತವರು, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಮನೆಗೆ ಬಂದವರು ಅನ್ನುವುದು ಅಜ್ಜಿಗೆ ಗೊತ್ತಾಗಿದ್ದು ಆ ಧಾರಾವಾಹಿಯಿಂದ. 'ಅಯ್ಯೋ, ನಮ್ ಮೊಗನಂಗೆಯಾ!' ಅಂದಳು. ಓದು ಬಾರದ ಅಜ್ಜಿಗೆ ಒಂದು ಸಂಜೆಯಲ್ಲಿ ಆದದ್ದು ನಮ್ಮ ನೂರು ಭಾಷಣದಿಂದ ಆಗಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಮುಂದೆ ನಾವು ಎಷ್ಟೇ ಬೈದರೂ ಈ ಋಣ ಋಣವೇ.

ಆಗ ರಾಜ್ಯದಲ್ಲಿ ಆದದ್ದನ್ನು ನೀವೂ ಬಲ್ಲಿರಿ. ಒಂದು ಧಾರಾವಾಹಿಗೆ ಊರೂರಲ್ಲಿ ಫ್ಲೆಕ್ಸ್ ಕಟ್ಟಿದ್ದನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಿನಿಮಾ ನಟರಿಗೆ ಕಟ್ಟುವಂತೆ ಕೇರಿಯ ಹುಡುಗರು ಕೂಲಿ ದುಡ್ಡು ಒಟ್ಟು ಮಾಡಿ ಕಟ್ಟಿದರು. ಧಾರಾವಾಹಿ ನಿಲ್ಲಿಸಬೇಕೆಂದು ವಾಹಿನಿಯ ಮುಖ್ಯಸ್ಥರಿಗೆ ಅಪರಾತ್ರಿಯಲ್ಲಿ ಬೆದರಿಕೆ ಕರೆಗಳು ಬಂದದ್ದೂ ಅದೇ 2020ರಲ್ಲಿ ಪತ್ರಿಕೆಗಳಲ್ಲಿ ಬಂತು. ಒಬ್ಬ ಹುಡುಗ ನೀರು ಕೇಳುವ ಕತೆಗೆ ಇಷ್ಟು ಹೆದರುವವರು ಇದ್ದಾರಲ್ಲ, ಅದೂ ನಮಗೆ ಒಂದು ಪಾಠ.

ನಮ್ಮೂರಲ್ಲೂ ಫ್ಲೆಕ್ಸ್ ಕಟ್ಟಿದೆವು, ಬಸ್‌ಸ್ಟಾಪಿನಲ್ಲಿ. 'ನಿಮ್ ಕೇರಿ ಮುಂದೆ ಕಟ್ಕೊಳ್ರಪ್ಪ, ಇಲ್ಯಾಕೆ?' ಅಂದರು ಹಿರಿಯರು. ಬಸ್ಸು ನಮ್ಮ ಕೇರಿಗೆ ಬರುವುದಿಲ್ಲವಲ್ಲ, ಅದಕ್ಕೆ ಅಂದೆವು. ಮೂರನೆಯ ರಾತ್ರಿ ಅದನ್ನು ಯಾರೋ ಸೀಳಿದರು. ಬೆಳಗ್ಗೆ ನೋಡಿದರೆ ಹುಡುಗನ ಮುಖ ಎರಡು ಭಾಗ ಆಗಿತ್ತು. ಗೋಣಿ ಹೊಲಿಯುವ ದಬ್ಬಳ ತಂದು ಹೊಲಿಗೆ ಹಾಕಿ ಅದೇ ಕಂಬಕ್ಕೆ ಮತ್ತೆ ಕಟ್ಟಿದೆವು.

ಈಗ ಹೇಳಬೇಕಾದ ಮಾತು. ಆ ವಾರವೇ ನಮ್ಮಲ್ಲೊಬ್ಬನ ಅವ್ವ ಮೇಲಿನ ಬೀದಿಯ ದೊಡ್ಡಮನೆಯವರ ಹೊಲಕ್ಕೆ ಕಳೆ ಕೀಳಲು ಹೋಗಿದ್ದಳು. ಆ ಮನೆಯ ಅಮ್ಮನೂ ಧಾರಾವಾಹಿ ನೋಡುತ್ತಿದ್ದರು. 'ಪಾಪ ಕಣೇ, ಆ ಮಗೀಗೆ ನೀರು ಕೊಡ್ದೆ ಸತಾಯ್ಸ್‌ಬುಟ್ರಲ್ಲ, ನಂಗೆ ರಾತ್ರಿ ಅನ್ನ ಸೇರ್ಲಿಲ್ಲ' ಅಂತ ಕಣ್ಣೊರೆಸಿಕೊಂಡರಂತೆ. ಸುಳ್ಳು ಕಣ್ಣೀರಲ್ಲ, ನಿಜವಾದ ಕಣ್ಣೀರೇ ಅಂತ ಅವ್ವನೇ ಹೇಳಿದಳು. ಆಮೇಲೆ ಅವ್ವ ನೀರು ಕೇಳಿದಳು. ಅಮ್ಮನವರು ಚೊಂಬು ಎತ್ತಿ ಹಿಡಿದು, ಬೊಗಸೆಗೆ ಮೇಲಿನಿಂದ ಹುಯ್ದರು.

ಗೆಳೆಯರೇ, ನಾವು ಇಷ್ಟು ದಿನ ಧಾರಾವಾಹಿ ಬಗ್ಗೆ ಆಡಿದ ಜಗಳವೆಲ್ಲ ಈ ಚೊಂಬಿನ ನೀರಲ್ಲಿ ಬಂದು ನಿಂತಿದೆ. ಟಿ.ವಿ.ಯ ಭೀಮನಿಗೆ ಅಳುವ ಕಣ್ಣು, ಎದುರಿಗೆ ಕೂತ ಹೆಣ್ಣಿಗೆ ಚೊಂಬು ಎತ್ತಿ ಹಿಡಿಯುವ ಕೈ, ಎರಡೂ ಒಂದೇ ಮೈಯಲ್ಲಿ ಹೇಗೆ ಇರುತ್ತವೆ? ಅವರು ಕೆಟ್ಟವರು ಅಂದುಬಿಟ್ಟರೆ ಸುಲಭ. ಅವರು ಕೆಟ್ಟವರಲ್ಲ, ಹಬ್ಬಕ್ಕೆ ಅವ್ವನಿಗೆ ಹಳೆ ಸೀರೆ ಕೊಡುವವರು. ತಪ್ಪು ಅವರ ಕಣ್ಣೀರಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ. ಅನುಕಂಪಕ್ಕೆ ಖರ್ಚಿಲ್ಲ. ಅತ್ತು ಮುಗಿಸಿದವರಿಗೆ ತಾವು ಒಳ್ಳೆಯವರು ಅನ್ನಿಸುತ್ತದೆ. ಒಳ್ಳೆಯವರು ಅನ್ನಿಸಿದ ಮೇಲೆ ಚೊಂಬು ಯಾಕೆ ಇಳಿಸಬೇಕು? ನೀರು ಕೊಡದ ಕಟುಕರು ನೂರು ವರ್ಷದ ಹಿಂದೆ, ಮರಾಠಿ ನಾಡಿನಲ್ಲಿ, ಪೇಟ ಸುತ್ತಿಕೊಂಡು ಇದ್ದವರು. ನಾವು ಅವರಲ್ಲವಲ್ಲ!

ಧಾರಾವಾಹಿ ಈ ಅಳುವನ್ನೇ ದುಡಿಸಿಕೊಂಡಿತು. ಬಾಬಾಸಾಹೇಬರು ತಮ್ಮ ಬಾಲ್ಯದ ಇದೇ ಕತೆಗಳನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಪುಸ್ತಕದಲ್ಲಿ ಬರೆದಿದ್ದಾರೆ. ಓದದವರು ಓದಿ, ಒಂದು ಮಧ್ಯಾಹ್ನ ಸಾಕು. 1901ರಲ್ಲಿ ಕೋರೆಗಾಂವಿನಲ್ಲಿದ್ದ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಜಾತಿ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರುವುದಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದು ಬರುವಂತೆ ಒಪ್ಪಂದವಾಗುತ್ತದೆ. ಬುತ್ತಿ ಇದೆ, ನೀರಿಲ್ಲ. ಇದನ್ನು ಬರೆಯುವಾಗ ಬಾಬಾಸಾಹೇಬರು ಅಳುವುದಿಲ್ಲ. ಬಾಡಿಗೆ ಎಷ್ಟು, ಯಾರು ಏನಂದರು, ಎಷ್ಟು ಹೊತ್ತಾಯಿತು ಎಂದು ಲೆಕ್ಕ ಬರೆದ ಹಾಗೆ ಬರೆಯುತ್ತಾರೆ. ಓದಿದವನಿಗೆ ಅಳು ಬರುವುದಿಲ್ಲ, ಮೈ ಉರಿಯುತ್ತದೆ. ಅದೇ ಬಾಲ್ಯ ಟಿ.ವಿ.ಗೆ ಬಂದಾಗ ಪಿಟೀಲು ಶುರುವಾಗುತ್ತದೆ. ಒಂದೇ ಬೈಗುಳಕ್ಕೆ ನಾಲ್ಕು ಮುಖ ನಾಲ್ಕು ಸಲ ತಿರುಗುತ್ತವೆ, ನಡುವೆ ಸೋಪಿನ ಜಾಹೀರಾತು. ಉರಿಯಬೇಕಾದದ್ದು ಅಳುವಾಗಿ ಹರಿದು ಹೋಗುತ್ತದೆ.

ಅಜ್ಜಿ ಬಿಡದೆ ನೋಡಿದಳು. ತಿಂಗಳಾಯಿತು, ವರ್ಷವಾಯಿತು. ಹುಡುಗ ಇನ್ನೂ ಹುಡುಗನಾಗಿಯೇ ಇದ್ದ. ಒಂದು ಸಮಸ್ಯೆ ಮುಗಿದರೆ ಇನ್ನೊಬ್ಬ ದುಷ್ಟ ಬರುತ್ತಿದ್ದ. ಭೀಮ ಅಳುತ್ತಿದ್ದ, ಗೆಲ್ಲುತ್ತಿದ್ದ, ಮತ್ತೆ ಅಳುತ್ತಿದ್ದ. ಒಂದು ದಿನ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ಕೇಳಿದಳು: 'ಈ ಹೈದ ಯಾವಾಗ್ಲಾ ದೊಡ್ಡವ್ನಾಗದು?'

ನಾವು ನಕ್ಕೆವು. ಈಗ ನಗು ಬರುವುದಿಲ್ಲ. ಅಜ್ಜಿ ಕೇಳಿದ್ದು ವಿಮರ್ಶಕರು ಕೇಳಬೇಕಾಗಿದ್ದ ಪ್ರಶ್ನೆ.

ಭೀಮಾಬಾಯಿ ತೀರಿಕೊಂಡದ್ದು 1896ರಲ್ಲಿ, ಮಗ ಇನ್ನೂ ಐದು ವರ್ಷದವನಿದ್ದಾಗ. ಮೆಟ್ರಿಕ್ ಪಾಸಾದದ್ದು 1907ರಲ್ಲಿ, ಬಿ.ಎ. 1912ರಲ್ಲಿ, ಕೊಲಂಬಿಯಾಕ್ಕೆ ಹೊರಟದ್ದು 1913ರಲ್ಲಿ. ಆಮೇಲಿನದು ನೋಡಿ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟರು. 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲಿಗೆ ಹೋದರು. ದುಂಡುಮೇಜಿನ ಸಭೆಯಲ್ಲಿ ಗಾಂಧೀಜಿಯ ಎದುರು ಕೂತು ವಾದ ಮಾಡಿದರು. 1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. 1936ರಲ್ಲಿ ಭಾಷಣಕ್ಕೆ ಕರೆದವರೇ ಹೆದರಿ ಸಭೆ ರದ್ದು ಮಾಡಿದಾಗ 'ಜಾತಿ ವಿನಾಶ'ವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. 1951ರಲ್ಲಿ ಹಿಂದೂ ಸಂಹಿತೆ ಮಸೂದೆಯನ್ನು ಹಳ್ಳ ಹಿಡಿಸಿದ್ದಕ್ಕೆ ಮಂತ್ರಿಗಿರಿ ಬಿಸಾಕಿ ಬಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ಕಡೆ ನಡೆದರು.

ಇದರಲ್ಲಿ ಯಾವುದಕ್ಕೆ ದೊಡ್ಡಮನೆಯ ಅಮ್ಮನವರು ಅಳುತ್ತಾರೆ? ಮಹಾಡಿನ ಕೆರೆಯನ್ನು ಪಂಚಗವ್ಯ ಹಾಕಿ ಶುದ್ಧ ಮಾಡಿದ್ದನ್ನು ತೋರಿಸಿದರೆ ಅವರ ಚೊಂಬು ಅವರಿಗೆ ನೆನಪಾಗುತ್ತದೆ. ಮನುಸ್ಮೃತಿ ಸುಟ್ಟಿದ್ದನ್ನು ತೋರಿಸಿದರೆ ಅನ್ನ ಸೇರದಿರುವುದಕ್ಕೆ ಬೇರೆ ಕಾರಣ ಹುಟ್ಟುತ್ತದೆ. ನೀರು ಕೇಳುವ ಹುಡುಗ ಎಲ್ಲರಿಗೂ ಬೇಕು. ನೀರು ಕೇಳದೆ, ಕೆರೆಗೇ ಇಳಿಯುವ ಗಂಡಸು ಬೇಡ. ಧಾರಾವಾಹಿ 2022ರಲ್ಲಿ ಹುಡುಗನನ್ನು ಕೊಂಚ ಬೆಳೆಸಿತು. ಅಥರ್ವ ಎಂಬ ಹುಡುಗ ಹರೆಯದ ಭೀಮನಾದ, ಮದುವೆಯಾಯಿತು, ರಮಾಬಾಯಿ ಬಂದಳು. ಆದರೂ ಕತೆಯ ಬಹುಪಾಲು ಮನೆ, ಶಾಲೆ, ಚಾಳುಗಳಲ್ಲೇ ಸುತ್ತಿತು. ಅಷ್ಟರಲ್ಲಿ ನಮ್ಮ ಅಜ್ಜಿ ಬೇಸತ್ತು ನೋಡುವುದು ಬಿಟ್ಟಿದ್ದಳು. 'ಅವ್ನು ಬೆಳ್ಯಂಗಿಲ್ಲ ಬುಡು' ಅಂದಿದ್ದಳು.

ಧಾರಾವಾಹಿ ಮಾಡುವವರು ಹೇಳುತ್ತಾರೆ: ಇದು ವ್ಯಾಪಾರ, ಟಿ.ಆರ್.ಪಿ. ಇಲ್ಲದೆ ಒಲೆ ಉರಿಯುವುದಿಲ್ಲ ಅಂತ. ಒಪ್ಪೋಣ. ದಿನವಹಿ ಧಾರಾವಾಹಿಗೆ ಕತೆ ಮುಂದೆ ಹೋಗುವುದು ನಷ್ಟ, ನಿಂತಲ್ಲಿ ನಿಲ್ಲುವುದು ಲಾಭ. ಆದರೆ ಯಾವ ಜಾಗದಲ್ಲಿ ನಿಲ್ಲಿಸಿದರು ಅನ್ನುವುದು ಬರೀ ವ್ಯಾಪಾರವಲ್ಲ. ನಮ್ಮನ್ನು ಯಾವಾಗಲೂ ನಿಲ್ಲಿಸುವ ಜಾಗ ಅದೇ, ಅಂಗಳ.

ಹಾಗಾದರೆ ವಾದ ಮಾಡುವ ಬಾಬಾಸಾಹೇಬರನ್ನು ಟಿ.ವಿ.ಗೆ ತರಲು ಆಗುವುದೇ ಇಲ್ಲವೇ? ಆಗುತ್ತದೆ, ಆಗಿದೆ. 2014ರಲ್ಲಿ ಅಂದಿನ ರಾಜ್ಯಸಭಾ ಟಿ.ವಿ.ಗಾಗಿ ಶ್ಯಾಮ್ ಬೆನೆಗಲ್ 'ಸಂವಿಧಾನ್' ಎಂಬ 10 ಕಂತುಗಳ ಸರಣಿ ಮಾಡಿದರು. ಸಚಿನ್ ಖೇಡೇಕರ್ ಅಂಬೇಡ್ಕರರಾಗಿದ್ದರು. ಅದರಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ. ಒಂದು ಸಭಾಂಗಣ, ಉದ್ದದ ಬೆಂಚುಗಳು, ಮಾತು. ಎದ್ದು ನಿಂತು ಒಬ್ಬ ಮನುಷ್ಯ ಒಂದೊಂದು ಪದಕ್ಕೂ ಕಾದಾಡುತ್ತಾನೆ. ಮೂಲಭೂತ ಹಕ್ಕು ಯಾಕೆ, ಮೀಸಲಾತಿ ಯಾಕೆ, ಒಂದು ಸಾಲು ಬದಲಾದರೆ ಯಾರ ಬದುಕು ಬದಲಾಗುತ್ತದೆ ಅಂತ. ಅದನ್ನು ನೋಡಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವು ಪಡೆಯುವ ಸ್ಕಾಲರ್‌ಶಿಪ್ಪು, ನಾವು ಮಲಗಿರುವ ಈ ಹಾಸ್ಟೆಲಿನ ಮಂಚ, ಎಲ್ಲದರ ಬೇರು ಆ ಬೆಂಚುಗಳ ಹತ್ತಿರ ಇದೆ ಅನ್ನಿಸಿತು. ಸರ್ಕಾರಿ ವಾಹಿನಿಯದ್ದಾದ್ದರಿಂದ ಅದು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಯಾವ ಊರಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟಿದ್ದೇವೆ? ಅಳುವ ಭೀಮನಿಗೆ ಕಟ್ಟಿದ ನಾವೇ ಮಾತಾಡುವ ಅಂಬೇಡ್ಕರರಿಗೆ ಕಟ್ಟಲಿಲ್ಲ. ವಾಹಿನಿಗಳನ್ನು ಬೈಯುವಾಗ ಈ ಬೆರಳು ನಮ್ಮ ಕಡೆಗೂ ತಿರುಗಲಿ.

ಫೋನಿನಲ್ಲಿ ನೋಡಿದವುಗಳ ಮಾತಿಗೆ ಬರೋಣ. ಇಲ್ಲಿ ಕೆಲವು ಕಡೆ ಹೈದ ದೊಡ್ಡವನಾಗಿದ್ದಾನೆ. ಸರಿಯಾಗಿ ಹೇಳಬೇಕೆಂದರೆ, ಹುಡುಗಿ ದೊಡ್ಡವಳಾಗಿದ್ದಾಳೆ.

2023ರ 'ದಹಾಡ್' ನೋಡಿ. ರಾಜಸ್ಥಾನದ ಒಂದು ಠಾಣೆಯಲ್ಲಿ ಅಂಜಲಿ ಭಾಟಿ ಎಂಬ ಸಬ್ ಇನ್ಸ್‌ಪೆಕ್ಟರ್. ಅವಳು ಹಾದು ಹೋದಾಗಲೆಲ್ಲ ಒಬ್ಬ ಪೇದೆ ಊದುಬತ್ತಿ ಹಚ್ಚುತ್ತಾನೆ. ಒಂದು ಮಾತಿಲ್ಲ, ಬೈಗುಳವಿಲ್ಲ, ಬರೀ ಹೊಗೆ. ಅದನ್ನು ನೋಡಿ ನಾವು ಮೂವರೂ ಒಟ್ಟಿಗೆ ಸುಮ್ಮನಾದೆವು. ಕಾಲೇಜಿನಲ್ಲಿ, ಆಫೀಸಿನಲ್ಲಿ ನಮ್ಮ ಸುತ್ತ ಹಚ್ಚುವ ಊದುಬತ್ತಿಗಳು ಎಷ್ಟು ಬಗೆಯವು ಅಂತ ಎಲ್ಲರಿಗೂ ಗೊತ್ತು. ಅಪ್ಪ ಮೇಘ್ವಾಲ್ ಎಂಬ ಹೆಸರು ತೆಗೆದು ಭಾಟಿ ಅಂತ ಬರೆಸಿದ್ದ. ಕೊನೆಗೆ ಅವಳು ಮೇಘ್ವಾಲ್ ಎಂದೇ ಮತ್ತೆ ಬರೆಸಲು ಹೋಗುತ್ತಾಳೆ. ಜಾತಿಯ ಹೆಸರು ಮುಚ್ಚಿಟ್ಟು ಬಾಡಿಗೆ ರೂಮು ಹುಡುಕಿದ ನಮ್ಮಲ್ಲಿ ಎಷ್ಟು ಮಂದಿ ಆ ದೃಶ್ಯ ನೋಡಿ ತಲೆ ತಗ್ಗಿಸಲಿಲ್ಲ?

ಆ ಕತೆಯಲ್ಲಿ ಒಬ್ಬ ಮೇಷ್ಟ್ರು ವರದಕ್ಷಿಣೆ ಕೊಡಲಾರದ ಮನೆಗಳ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ, ಮಾತ್ರೆಯಲ್ಲಿ ಸೈನೈಡ್ ಕೊಟ್ಟು ಕೊಲ್ಲುತ್ತಾನೆ. ಇದು ನಮಗೆ ಬರೀ ರಾಜಸ್ಥಾನದ ಕತೆಯಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳು ಹೀಗೇ ಸತ್ತರೆಂದು ಪೊಲೀಸರು ಆರೋಪ ಹೊರಿಸಿದ ಪ್ರಕರಣ ಇದೆ. ಆರೋಪಿಯಾಗಿ ಸಿಕ್ಕಿಬಿದ್ದು ಆಮೇಲೆ ಶಿಕ್ಷೆಗೊಳಗಾದವನೂ ಮೇಷ್ಟ್ರೇ. ಹೆಣಗಳು ಬಸ್‌ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಸಿಗುತ್ತಿದ್ದವು. ಆರು ವರ್ಷ, ಒಂದಾದ ಮೇಲೆ ಒಂದು ಬಡ ಮನೆಯ ಹುಡುಗಿ ಕಾಣೆಯಾದರೂ ಯಾರೂ ಈ ಸಾವುಗಳನ್ನು ಪೋಣಿಸಿ ನೋಡಲಿಲ್ಲ. 'ಓಡಿ ಹೋಗಿರ್ತಾಳೆ ಬಿಡಿ' ಅನ್ನುವ ಒಂದು ಮಾತು ಸಾಕು, ನಮ್ಮ ಹೆಣ್ಣುಮಕ್ಕಳ ಕಡತ ಮುಚ್ಚುವುದಕ್ಕೆ. 'ದಹಾಡ್' ಆ ಮಾತನ್ನು ಹಿಡಿದು ಪ್ರಶ್ನಿಸುತ್ತದೆ. ಕಡತ ತೆರೆಯುವವಳೂ ಅದೇ ಕೇರಿಯಿಂದ ಬಂದವಳು ಅನ್ನುವುದು ಅದರ ಹೆಚ್ಚುಗಾರಿಕೆ.

ಅದೇ ವರ್ಷದ ಆಗಸ್ಟಿನಲ್ಲಿ ಬಂದ 'ಮೇಡ್ ಇನ್ ಹೆವೆನ್' ಎರಡನೆಯ ಸರಣಿಯ ಐದನೆಯ ಕಂತನ್ನು 'ಮಸಾನ್' ಮಾಡಿದ ನೀರಜ್ ಘಾಯ್ವಾನ್ ನಿರ್ದೇಶಿಸಿದ್ದಾರೆ. ತಾನು ದಲಿತ ಎಂದು ಬಹಿರಂಗವಾಗಿ ಹೇಳಿಕೊಂಡ, ಹಿಂದಿ ಚಿತ್ರರಂಗದ ಬೆರಳೆಣಿಕೆಯ ನಿರ್ದೇಶಕರಲ್ಲಿ ಅವರೊಬ್ಬರು. ಪಲ್ಲವಿ ಮೆಂಕೆ ಎಂಬ ಪ್ರೊಫೆಸರ್ ಪಾತ್ರದಲ್ಲಿ ರಾಧಿಕಾ ಆಪ್ಟೆ. ಮದುವೆ ಗಂಡಿನ ಕಡೆಯವರು ಒಳ್ಳೆಯವರೇ, ನಗುನಗುತ್ತಾ ಇರುವವರೇ. ಜಾತಿಯ ವಿಷಯ ಎತ್ತಬೇಡ, ಅಷ್ಟು ಸಾಕು ಅವರಿಗೆ. ಅವಳು ಬೌದ್ಧ ವಿಧಿಯ ಮದುವೆಯೂ ಆಗಬೇಕೆಂದು ಹಟ ಹಿಡಿದು ಆಗಿಸುತ್ತಾಳೆ. ಬಿಳಿ ಸೀರೆಯಲ್ಲಿ ಕೂತ ಆ ಮದುಮಗಳನ್ನು ನೋಡಿ ಹುಡುಗಿಯರ ಹಾಸ್ಟೆಲಿನ ಒಬ್ಬಾಕೆ, 'ಮೊದಲ್ನೇ ಸಲ ನಮ್ಮವಳೊಬ್ಳು ಟಿ.ವಿ.ಲಿ ಸಾಯ್ದೆ, ಅಳ್ದೆ, ಮದ್ವೆ ಆದ್ಳು ಕಣೋ' ಅಂದಳು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾವು ಓದಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ತಾನು ದಲಿತಳೆಂದು ಬಹಿರಂಗವಾಗಿ ಬರೆದು 2019ರಲ್ಲಿ ಪುಸ್ತಕ ತಂದ ಯಶಿಕಾ ದತ್, ಆ ಪಾತ್ರದಲ್ಲಿ ತನ್ನ ಬದುಕಿನ ಅಂಶಗಳಿವೆ, ತನ್ನ ಹೆಸರು ಮಾತ್ರ ಎಲ್ಲೂ ಇಲ್ಲ ಎಂದರು. ಸರಣಿ ಮಾಡಿದವರು ಇಲ್ಲವೆಂದು ನಿರಾಕರಿಸಿದರು. ತೀರ್ಪು ಕೊಡಲು ನಾವು ಕೋರ್ಟಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಬದುಕು ಈಗ ಬೆಲೆ ಬಾಳುವ ಕತೆಯಾಗಿದೆ. ಬೆಲೆ ಯಾರ ಕೈಗೆ ಹೋಗುತ್ತದೆ? ಚರ್ಮ ನಮ್ಮದು, ಜೋಡು ಹೊಲಿದವರೂ ನಾವು, ಅಂಗಡಿ ಮಾತ್ರ ಬೇರೆಯವರದ್ದಾಗಿತ್ತು. ಕತೆಯ ವ್ಯಾಪಾರವೂ ಹಾಗೇ ಆಗಬೇಕೆ?

ಇನ್ನೊಂದು ಬಗೆಯ ಸರಣಿ ಇದೆ, ಎಲ್ಲರೂ ಮೆಚ್ಚುವ 'ಪಂಚಾಯತ್'. 2020ರಿಂದ 2025ರವರೆಗೆ ನಾಲ್ಕು ಸರಣಿ ಬಂದವು. ನಾವೂ ಬಿದ್ದು ಬಿದ್ದು ನಕ್ಕಿದ್ದೇವೆ. ನಕ್ಕು ಮುಗಿದ ಮೇಲೆ ಹೆಸರುಗಳನ್ನು ಬರೆದುಕೊಂಡೆವು: ಪ್ರಧಾನರ ಮನೆ ದುಬೆ, ಕಾರ್ಯದರ್ಶಿ ತ್ರಿಪಾಠಿ, ಸಹಾಯಕ ಶುಕ್ಲಾ, ಉಪಪ್ರಧಾನ ಪಾಂಡೆ. ಉತ್ತರ ಪ್ರದೇಶದ ಒಂದು ಇಡೀ ಹಳ್ಳಿ, ಅದರ ಚರಂಡಿ, ಅದರ ಶೌಚಾಲಯ, ಅದರ ಚುನಾವಣೆ ಎಲ್ಲ ಇದೆ, ಕೇರಿ ಎಲ್ಲಿದೆ? ಚರಂಡಿ ಬಳಿಯುವವರ ಮನೆ ಯಾವ ದಿಕ್ಕಿಗಿದೆ? ಹಳ್ಳಿ ಎಷ್ಟು ಮುಗ್ಧ ಅಂತ ನಗರದವರು ಖುಷಿಪಟ್ಟರು. ಕೇರಿಯನ್ನು ತೆಗೆದುಹಾಕಿದರೆ ಯಾವ ಹಳ್ಳಿಯಾದರೂ ಮುಗ್ಧವಾಗಿಯೇ ಕಾಣುತ್ತದೆ.

ನಮ್ಮ ಕನ್ನಡದ ಸಂಜೆ ಧಾರಾವಾಹಿಗಳದ್ದೂ ಇದೇ ಹಾದಿ. 2021ರ ಕೊನೆಯಲ್ಲಿ ಶುರುವಾಗಿ ಮನೆಮಾತಾದ 'ಪುಟ್ಟಕ್ಕನ ಮಕ್ಕಳು' ನೋಡಿ. ಗಂಡ ಬಿಟ್ಟ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಉಮಾಶ್ರೀ ಅವರ ಅಭಿನಯಕ್ಕೆ ಎರಡು ಮಾತಿಲ್ಲ. ನಮ್ಮ ಅವ್ವಂದಿರೆಲ್ಲ ಆಕೆಯಲ್ಲಿ ತಮ್ಮನ್ನು ಕಂಡರು. ಆದರೆ ಊರಲ್ಲಿ ಒಬ್ಬ ಹೆಂಗಸು ಅನ್ನ ಮಾಡಿ ಬಡಿಸುತ್ತಾಳೆ ಅಂದರೆ ಜನ ಮೊದಲು ಕೇಳುವ ಪ್ರಶ್ನೆ ಯಾವುದು? ರುಚಿ ಹೇಗಿದೆ ಅಂತಲೇ? ಶಾಲೆಯ ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಸೌಟು ಹಿಡಿದಳೆಂದು ಮಕ್ಕಳನ್ನೇ ಶಾಲೆ ಬಿಡಿಸಿದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಇವತ್ತಿಗೂ ಬರುತ್ತದೆ. ಪುಟ್ಟಕ್ಕನ ಮೆಸ್ಸಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಇರುವುದು ಬಡವರು, ಶ್ರೀಮಂತರು ಅಷ್ಟೆ. ಜಾತಿ ಅನ್ನುವ ಮಾತು ಬಂದರೆ ಗದ್ದಲ ಆಗುತ್ತದೆ ಅನ್ನುತ್ತಾರೆ. ಗದ್ದಲ ಈಗಾಗಲೇ ಆಗುತ್ತಿದೆಯಲ್ಲ, ಟಿ.ವಿ.ಯ ಹೊರಗೆ!

ಇದೆಲ್ಲ ಹೇಳಿದರೆ ಕೆಲವು ಗೆಳೆಯರು, 'ಮನರಂಜನೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ನಾವು ಕೇಳಿದರೆ ಯಾರು ಬದಲಾಯಿಸ್ತಾರೆ?' ಅನ್ನುತ್ತಾರೆ. ಅವರಿಗೆ ಒಂದು ಹಳೆಯ ಘಟನೆ ಹೇಳುತ್ತೇವೆ. 1988ರಲ್ಲಿ ದೂರದರ್ಶನದ 'ರಾಮಾಯಣ' ರಾಮನ ಪಟ್ಟಾಭಿಷೇಕಕ್ಕೆ ಮುಗಿಯುವುದಿತ್ತು. ಪಂಜಾಬಿನ ಜಲಂಧರದಲ್ಲಿ ಕಸ ಗುಡಿಸುವ ಕಾರ್ಮಿಕರು ಮುಷ್ಕರ ಹೂಡಿದರು. ಅವರನ್ನು ಅಲ್ಲಿ ವಾಲ್ಮೀಕಿಗಳು ಅನ್ನುತ್ತಾರೆ. ಇವರು ನಮ್ಮ ಕಡೆಯ ನಾಯಕ ಸಮುದಾಯದವರಲ್ಲ. ತಲೆತಲಾಂತರದಿಂದ ಪೊರಕೆಗೆ ಕಟ್ಟಿಹಾಕಲ್ಪಟ್ಟ, ವಾಲ್ಮೀಕಿಯನ್ನು ತಮ್ಮ ಗುರುವೆಂದು ನಂಬುವ ಜನ. ಸೀತೆ ವಾಲ್ಮೀಕಿಯ ಆಶ್ರಮಕ್ಕೆ ಬರುವ, ಲವಕುಶರು ಬೆಳೆಯುವ ಉತ್ತರ ಕಾಂಡವನ್ನು ಯಾಕೆ ಬಿಡುತ್ತೀರಿ ಎಂದು ಅವರ ಪ್ರಶ್ನೆ. ಪೊರಕೆ ಕೆಳಗಿಟ್ಟರು. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಕೊನೆಗೆ ಉತ್ತರ ಕಾಂಡವೂ ಧಾರಾವಾಹಿಯಾಗಿ ಬಂತು. ಅವರು ಕೇಳಿದ ಕತೆ ನಮಗೆ ಬೇಕಾದ ಕತೆಯೇ ಅಂದರೆ ಅದು ಬೇರೆ ಚರ್ಚೆ. ಆದರೆ ದೇಶದ ಅತಿ ದೊಡ್ಡ ಧಾರಾವಾಹಿಯನ್ನು ಬಗ್ಗಿಸಿದವರು ವಿಮರ್ಶಕರಲ್ಲ, ಪೊರಕೆ ಹಿಡಿದವರು. ನೋಡುವವನಿಗೆ ಶಕ್ತಿ ಇಲ್ಲ ಅನ್ನುವ ಮಾತನ್ನು ಇನ್ನು ಹೇಳಬೇಡಿ.

ಆದ್ದರಿಂದ ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಟಿ.ವಿ. ಒಡೆದು ಹಾಕಿ ಎಂದು ನಾವು ಹೇಳುವುದಿಲ್ಲ. ನೋಡಿ. ಶಿಳ್ಳೆ ಹಾಕಬೇಕು ಅನ್ನಿಸಿದರೆ ಹಾಕಿ. ನೋಡುವಾಗ ಇಷ್ಟು ಮಾತ್ರ ಕೇಳಿಕೊಳ್ಳಿ: ಈ ಕತೆಯಲ್ಲಿ ನಮ್ಮವರು ಬರೀ ಅಳುತ್ತಾರೋ, ಮಾತೂ ಆಡುತ್ತಾರೋ? ಸಾಯುವವರು ಯಾರು, ಮದುವೆಯಾಗುವವರು ಯಾರು? ಕೇರಿ ಎಲ್ಲಿದೆ? ಬರೆದವರು ಯಾರು, ದುಡ್ಡು ಎಣಿಸಿದವರು ಯಾರು? ನೋಡಿ ಎದ್ದ ಮೇಲೆ ಯಾರಿಗಾದರೂ ಚೊಂಬು ಇಳಿಸಬೇಕು ಅನ್ನಿಸುತ್ತದೋ, ಇಲ್ಲ, ಬರೀ ಮೂಗು ಒರೆಸಿಕೊಳ್ಳಬೇಕು ಅನ್ನಿಸುತ್ತದೋ? ಉತ್ತರವನ್ನು ನೀರಿನ ಸಾಲಿನಲ್ಲೇ ಬಿಟ್ಟು ಹೋಗಬೇಡಿ. ಬರೆಯಿರಿ. ವಾಹಿನಿಗೆ ಬರೆಯಿರಿ, ಪತ್ರಿಕೆಗೆ ಬರೆಯಿರಿ. ನಿಮ್ಮಲ್ಲಿ ಕತೆ ಕಟ್ಟುವವರಿದ್ದರೆ ಸಂಭಾಷಣೆ ಬರೆಯುವುದನ್ನು ಕಲಿಯಿರಿ, ಕ್ಯಾಮರಾ ಹಿಡಿಯುವುದನ್ನು ಕಲಿಯಿರಿ. ಪೊಲೀಸ್ ಕೆಲಸ, ಮೇಷ್ಟ್ರ ಕೆಲಸ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಮತ್ತೆ ಅಜ್ಜಿಗೆ ಬರುತ್ತೇವೆ. ಅವತ್ತು ಅವಳು ಕೇಳಿದ ಪ್ರಶ್ನೆಗೆ ನಗುವುದು ಬಿಟ್ಟು ಉತ್ತರ ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನಮಗೂ ಗೊತ್ತಿರಲಿಲ್ಲ. ಬಿ.ಎ. ಓದುತ್ತಿದ್ದ ನಮಗೆ ಮಹಾಡಿನ ತಾರೀಖು ಗೊತ್ತಿರಲಿಲ್ಲ. ಆ ನಾಚಿಕೆ ಇಲ್ಲಿ ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಆಮೇಲೆ ಓದಿದೆವು. ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ, ಪಡಸಾಲೆಯಲ್ಲಿ ಟಿ.ವಿ. ಆರಿಸಿ ಅಜ್ಜ ಅಜ್ಜಿಯರನ್ನೆಲ್ಲ ಕೂರಿಸಿಕೊಂಡು, ಆ ಹೈದ ದೊಡ್ಡವನಾದ ಮೇಲೆ ಏನೇನು ಮಾಡಿದ ಅಂತ ಹೇಳಿದೆವು. ಕೆರೆಗೆ ಇಳಿದ ಜಾಗಕ್ಕೆ ಬಂದಾಗ ಯಾರೂ ಅಳಲಿಲ್ಲ. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಮುಂದಕ್ಕೆ ಬಗ್ಗಿ ಕೂತು, 'ಊಂ, ಆಮ್ಯಾಕೆ?' ಅಂದಳು.

ನಿಮ್ಮ ನಿಮ್ಮ ಊರಿಗೆ ಹೋದಾಗ ನೀವೂ ಹೇಳಿ. ಅದಕ್ಕೆ ಮುಂಚೆ, ಬರುವ ಭಾನುವಾರ ಊಟವಾದ ಮೇಲೆ, ಹಾಸ್ಟೆಲಿನ ಟಿ.ವಿ.ಗೆ ಫೋನು ಸಿಕ್ಕಿಸಿ 'ಸಂವಿಧಾನ್' ಸರಣಿಯ ಮೊದಲ ಕಂತು ಒಟ್ಟಿಗೆ ನೋಡಿ. ಹಿಂದಿ ಬಲ್ಲವರು ಬಾರದವರಿಗೆ ಹೇಳಿಕೊಡಿ. ನೋಡಿ ಜಗಳ ಆಡಿ. ಆ ಜಗಳವನ್ನು ನಮಗೆ ಬರೆದು ಕಳಿಸಿ.